ನೀಚು

ಸ್ಯಾನ್ ರಮೋನ್
೧೧ ಮಾರ್ಚ್ ೧೯೮೪

ಸಣ್ಣತಾಯಿಗೆ,

‘ಸಣ್ಣತಾಯಮ್ಮನವರಿಗೆ’ ಎಂದು ಬರೆದು ಒಂದು ಏರೋಗ್ರಾಂ ಹಾಳು ಮಾಡಿದೆ. ‘ಸಣ್ಣಿ’ ಎಂದು ಬರೆದು ಇನ್ನೊಂದನ್ನು ಹಾಳು ಮಾಡಿದೆ. ಇಪ್ಪತ್ತೆರಡು ವರ್ಷವಾದ ಮೇಲೆ ನಿನ್ನನ್ನು ಹೇಗೆ ಕರೆಯುವ ಹಕ್ಕು ಉಳಿದಿದೆಯೋ ನನಗೆ ತಿಳಿಯದು. ನಾನು ಮೈಥಿಲಿ. ಮೈಸೂರಿನ ಹಾಸ್ಟೆಲಿನಲ್ಲಿ ಹನ್ನೊಂದನೇ ರೂಮಿನಲ್ಲಿ ನಿನ್ನ ಜೊತೆಗಿದ್ದವಳು, ಕೆಮಿಸ್ಟ್ರಿ ರೆಕಾರ್ಡನ್ನು ನಿನ್ನದು ನೋಡಿಯೇ ಬರೆದವಳು. ನೀನು ನರಸೀಪುರದ ಹೈಸ್ಕೂಲಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದೀಯೆಂದು ಅಣ್ಣ ರಘೋತ್ತಮ ಬರೆದಿದ್ದ. ಓದಿ ಒಬ್ಬಳೇ ಅಡುಗೆಮನೆಯಲ್ಲಿ ನಿಂತು ನಕ್ಕೆ. ನೀನು ಆಗಲೇ ಹೆಡ್‌ಮಿಸ್ಟ್ರೆಸ್ಸೇ ಆಗಿದ್ದೆಯಲ್ಲ.

ನಾವು ಇಲ್ಲಿಗೆ ಬಂದು ಹನ್ನೆರಡು ವರ್ಷವಾಯಿತು. ನಮ್ಮವರು, ವಾಸುದೇವ ಅಂತ, ಕೊಲ್ಲಿಯ ಆಚೆ ರೆಡ್‌ವುಡ್ ಸಿಟಿಯಲ್ಲಿ ಇಂಜಿನಿಯರು. ಬೆಳಕು ಹರಿಯುವ ಮೊದಲೇ ಫ್ರೀವೇ ಹತ್ತುತ್ತಾರೆ. ನಾನು ಹೇವರ್ಡಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡಿಕೊಂಡಿದ್ದೇನೆ.

ಈಗ ಕಾಗದ ಬರೆಯುವಂತೆ ಮಾಡಿದ ಸಂಗತಿ ಹೇಳುತ್ತೇನೆ. ಹೋದ ವಾರ ಮಲ್ಲಿಗೆ ಗಿಡ ಕೊಳ್ಳಲು ಹೇವರ್ಡಿನ ಒಂದು ನರ್ಸರಿಗೆ ಹೋಗಿದ್ದೆ. ಯಜಮಾನರು ನಾಕಾನೋ ಎಂಬ ಜಪಾನಿ ಮೂಲದ ಮುದುಕರು, ಎಪ್ಪತ್ತು ದಾಟಿದೆ. ಅವರು ಗಾಜಿನ ಮನೆಯ ಹಿಂದೆ ಹುಲ್ಲಿನ ಮೇಲೆ ನಿಂತು ಉದ್ದನೆಯ ಕೋಲಿನಿಂದ ಗಾಳದ ಹುರಿ ಬೀಸುತ್ತಿದ್ದರು. ಸುತ್ತ ಎಲ್ಲಿಯೂ ಒಂದು ಬಕೆಟ್ ನೀರಿಲ್ಲ! ಪಾಪ, ತಲೆ ಕೆಟ್ಟಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಹಳದಿ ಹುರಿ ತಲೆಯ ಮೇಲೆ ಹಿಂದಕ್ಕೆ ಬಿಚ್ಚಿಕೊಂಡು ಹೋಯಿತು, ಒಂದು ಗಳಿಗೆ ಗಾಳಿಯಲ್ಲೇ ನಿಂತಿತು, ಆಮೇಲೆ ಮುಂದಕ್ಕೆ ಬಂದು ಸದ್ದಿಲ್ಲದೆ ಇಳಿಯಿತು. ತುದಿಯಲ್ಲಿ ಕಟ್ಟಿದ್ದ ಕೆಂಪು ಉಣ್ಣೆಯ ಚೂರು ಮೂವತ್ತು ಅಡಿ ದೂರದಲ್ಲಿಟ್ಟಿದ್ದ ಕಾಫಿ ಸಾಸರಿನ ನಡುವೆ ಬಿತ್ತು. ಮತ್ತೆ ಬೀಸಿದರು. ಮತ್ತೆ ಅಲ್ಲೇ ಬಿತ್ತು.

ಮಲ್ಲಿಗೆ ಕುಂಡ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟೆ. ದಸರಾ ರಜೆಯಲ್ಲಿ ನಿಮ್ಮ ಮನೆಗೆ ಬಂದಿದ್ದಾಗ, ಸಂಗಮದಲ್ಲಿ ನಿಮ್ಮಪ್ಪ ಹರಿಗೋಲಿನ ಮೇಲೆ ನಿಂತು ಬೀಸುಬಲೆ ಎಸೆದದ್ದು ಕಣ್ಣಿಗೆ ಕಟ್ಟಿತು. ಬಲೆ ಆಕಾಶದಲ್ಲಿ ದುಂಡಗೆ ಅರಳಿದಾಗ ನಾನು ಉಸಿರು ಬಿಡುವುದನ್ನೇ ಮರೆತಿದ್ದೆ. ಮನುಷ್ಯನ ಕೈಯಿಂದ ಅಂಥದ್ದು ಆಗುತ್ತದೆ ಎಂದು ಅವತ್ತು ಗೊತ್ತಾದದ್ದು, ಮತ್ತೆ ಗೊತ್ತಾದದ್ದು ಹೋದ ವಾರ.

“ನನಗೆ ಕಲಿಸುತ್ತೀರಾ?” ಎಂದು ಕೇಳಿದೆ. ನನಗೇ ಗಾಬರಿ. ಅವರು ಮುಖ ನೋಡಲಿಲ್ಲ, ಕೈ ನೋಡಿದರು. “ಗಂಟು ಹಾಕಲು ಬರುತ್ತದೆಯೇ?” ಗಿಡದಲ್ಲಿದ್ದ ಐದು ಮೊಗ್ಗು ಕಿತ್ತು, ಅಲ್ಲೇ ಬಿದ್ದಿದ್ದ ದಾರದಲ್ಲಿ ನಮ್ಮ ಎರಡು ಬೆರಳಿನ ಗಂಟು ಹಾಕಿ ಕಟ್ಟಿ ಕೊಟ್ಟೆ. ಎಳೆದು ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು. “ಶನಿವಾರ ಬಾ” ಅಂದರು. ಇಲ್ಲಿ ಹಿಡಿದ ಮೀನನ್ನು ನೀರಿಗೇ ಬಿಟ್ಟುಬಿಡುತ್ತಾರಂತೆ. ಗಾಳದ ಕೊಕ್ಕೆಗೆ ಸಿಕ್ಕಿಸಿ ಹಿಡಿಯುವ ಹಿಮ್ಮುಳ್ಳೂ ಇರುವುದಿಲ್ಲವಂತೆ. ಹಾಗಾಗಿ ಮನೆಯಲ್ಲಿ ಅಷ್ಟೊಂದು ರಾದ್ಧಾಂತವಾಗಲಿಲ್ಲ.

ಸಣ್ಣತಾಯಿ, ನಿನಗೆ ಹೇಳಬೇಕಾದ ಒಂದು ಮಾತು ನನ್ನಲ್ಲಿದೆ. ಕಾಗದ ಶುರು ಮಾಡಿದ್ದೇ ಅದಕ್ಕಾಗಿ, ಮೀನು ನಡುವೆ ಬಂತು. ನೀನು ಉತ್ತರ ಬರೆದರೆ ಹೇಳುತ್ತೇನೆ.

ಇಂತಿ, ನೆನಪಿದ್ದರೆ ನಿನ್ನ,
ಮೈಥಿಲಿ


ತಿ. ನರಸೀಪುರ
೨-೪-೧೯೮೪

ಮೈಥಿಲಿ,

ಸಣ್ಣಿ ಅಂತಲೇ ಬರಿ. ಇಲ್ಲಿ ಎಲ್ಲರೂ ‘ಮೇಡಂ’ ಅಂದು ಅಂದು ನನ್ನ ಹೆಸರೇ ನನಗೆ ಮರೆತುಹೋಗಿದೆ.

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಿ ಜೋರಾಗಿ ನಕ್ಕೆ. ಹೊಳೆ ನೀರಿಗೆ ದೊಣ್ಣೆನಾಯಕನ ಅಪ್ಪಣೆಯೇ ಅಂತ ಗಾದೆ. ನಿಮ್ಮ ಕಡೆ ಗಾಳ ಹಾಕಲು ಸರ್ಕಾರದ ಲೈಸೆನ್ಸ್ ಬೇಕು ಅಂತ ಎಲ್ಲೋ ಓದಿದ್ದೆ, ಹೌದೇನು? ಆ ಗಾಳಕ್ಕೆ ಇಂಗ್ಲಿಷಿನಲ್ಲಿ ‘ಫ್ಲೈ’ ಅಂತ ಹಾರೋ ಹುಳದ ಹೆಸರಲ್ಲವೇ? ಸರಿಯಾಗಿದೆ ಬಿಡು. ಹಾರುವರು ಹಿಡಿಯೋ ಗಾಳ ಹಾರೋ ಗಾಳವೇ ಆಗಿರಬೇಕು.

ಅಪ್ಪ ತೀರಿಕೊಂಡು ಐದು ವರ್ಷವಾಯಿತು. ಬಲೆ ಬೀಸುವುದನ್ನು ಅಷ್ಟು ಚೆನ್ನಾಗಿ ನೆನಪಿಟ್ಟವಳು ನೀನು ಅಂತ ಗೊತ್ತಿರಲಿಲ್ಲ. ಅದನ್ನು ಎರಡು ಸಲ ಓದಿದೆ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಹಾಸ್ಟೆಲಿನ ಮಾತು ಬೇಡ. ಅವ್ವ ಕೊಟ್ಟ ಒಣಮೀನಿನ ಪುಡಿಯ ಡಬ್ಬಕ್ಕಾಗಿ ಮೇಟ್ರನ್ ಊಟದ ಹಾಲಿನಲ್ಲಿ ನೂರು ಹುಡುಗಿಯರ ಮುಂದೆ ಆ ಹೆಸರಿಲ್ಲದ ಅರ್ಜಿ ಓದಿದಳಲ್ಲ, “ಹನ್ನೊಂದನೇ ರೂಮಿನಿಂದ ನೀಚ ವಾಸನೆ ಬರುತ್ತದೆ” ಅಂತ, ಆ ನಗು ಇವತ್ತಿಗೂ ನನಗೆ ಕೇಳುತ್ತದೆ. ಮೀನಿಗೆ ನೀಚ ಅಂದಿದ್ದರೆ ಬಿಡುತ್ತಿದ್ದೆ. ಅಂದದ್ದು ನಮ್ಮ ಜಾತಿಗೆ. ಅದನ್ನು ಬರೆದವಳು ರೂಮಿನ ಮೂರನೆಯವಳು, ಆ ಧಾರವಾಡದ ಶರಣವ್ವ. ದಿನವೂ ಮೂಗು ಮುಚ್ಚಿಕೊಂಡು ಗೊಣಗುತ್ತಿದ್ದವಳು ಅವಳೇ. ಆಕೆಯ ಹೆಸರು ಎತ್ತಬೇಡ. ಮಾರನೆಯ ದಿನ ಹಾಸ್ಟೆಲ್ ಬಿಟ್ಟು ಹೊರಟಾಗ ನನ್ನ ಟ್ರಂಕಿನ ಇನ್ನೊಂದು ಹಿಡಿ ಹಿಡಿದು ಗೇಟಿನವರೆಗೆ ಬಂದವಳು ನೀನೊಬ್ಬಳೇ. ಈ ಉತ್ತರ ಅದಕ್ಕೆ.

ಮೀನಿನ ವಿಷಯ ಬರಿ. ನೀರು ಹೇಗಿದೆ ಅಂತ ಬರಿ.

ಸಣ್ಣತಾಯಮ್ಮ


ಸ್ಯಾನ್ ರಮೋನ್
೬ ಮೇ ೧೯೮೪

ಪ್ರೀತಿಯ ಸಣ್ಣಿ,

ಏಳು ಶನಿವಾರ ಹುಲ್ಲಿನ ಮೇಲೆ ಬೀಸಿದೆ. ಹುರಿ ನನ್ನ ಜಡೆಗೆ ಸುತ್ತಿಕೊಂಡಿತು, ಗುಲಾಬಿ ಗಿಡಕ್ಕೆ ಸುತ್ತಿಕೊಂಡಿತು, ಒಮ್ಮೆ ನಾಕಾನೋ ಅವರ ಟೋಪಿಯನ್ನೇ ಎಗರಿಸಿಕೊಂಡು ಬಂತು. ಅವರು ಟೋಪಿ ಹಾಕಿಕೊಂಡು “ಇನ್ನೊಮ್ಮೆ” ಅಂದರು. ನಿನ್ನೆ, ಎಂಟನೆಯ ಶನಿವಾರ, ನೀರು ತೋರಿಸಿದರು. ಲೈಸೆನ್ಸು ಬೇಕೇ ಬೇಕು. ದೊಣ್ಣೆನಾಯಕ ಕಾಗದ ಕೊಟ್ಟಿದ್ದಾನೆ, ಅದು ಪರ್ಸಿನಲ್ಲಿದೆ.

ಓಕ್‌ಲ್ಯಾಂಡ್ ಗುಡ್ಡಗಳ ಹಿಂದೆ ರೆಡ್‌ವುಡ್ ಮರಗಳ ಒಂದು ಕಣಿವೆಯಿದೆ. ಆ ಮರಗಳ ಬುಡದಲ್ಲಿ ನಿಂತರೆ ಮಧ್ಯಾಹ್ನವೂ ಸಂಜೆಯೆನಿಸುತ್ತದೆ. ಅಲ್ಲೊಂದು ಹಳ್ಳ. ಸೀರೆ ಸ್ವಲ್ಪ ಎತ್ತಿಹಿಡಿದರೆ ದಾಟಿಬಿಡಬಹುದು, ಅಷ್ಟೇ. ಅಲ್ಲಿ ಹಿಡಿಯುವಂತಿಲ್ಲ, ನೋಡಬಹುದು. ನಾಕಾನೋ ಅವರು ಮೊಣಕಾಲೂರಿ ಕೂತರು. ನನ್ನನ್ನೂ ಕೂರಿಸಿದರು.

“ಏನು ಕಾಣುತ್ತದೆ?”

“ಕಲ್ಲು.”

“ನೋಡು.”

ಅರ್ಧ ಗಂಟೆ ನೋಡಿದೆ. ಮೊಣಕಾಲು ನೋಯಲು ಶುರುವಾಯಿತು. ಆಮೇಲೆ ಕಲ್ಲಿನ ನೆರಳು ಅಲುಗಿತು, ಕಲ್ಲು ಅಲುಗಲಿಲ್ಲ. ಸಣ್ಣಿ, ನನ್ನ ಮೈ ಜುಮ್ಮೆಂದಿತು! ಅದು ಮೀನು. ಅಂಗೈಯಷ್ಟು ಉದ್ದದ ಟ್ರೌಟು. ಬೆನ್ನು ತಳದ ಮರಳಿನ ಬಣ್ಣ. ಹರಿಯುವ ನೀರಿನಲ್ಲಿ ನಿಂತಲ್ಲೇ ನಿಂತಿದೆ. ನಿಲ್ಲುವುದಕ್ಕಾಗಿ ಈಜುತ್ತಿದೆ. ಒಂದು ಕಂಡ ಮೇಲೆ ಎರಡು ಕಂಡವು, ನಾಲ್ಕು ಕಂಡವು. ಅಷ್ಟು ಹೊತ್ತೂ ಅವು ಅಲ್ಲೇ ಇದ್ದವು, ನನ್ನ ಕಣ್ಣಿಗೆ ಮಾತ್ರ ಇರಲಿಲ್ಲ. ನೀರು ಎಷ್ಟು ತಿಳಿಯೆಂದರೆ ಮೀನು ಗಾಳಿಯಲ್ಲಿ ತೇಲುತ್ತಿದೆ ಎನಿಸುತ್ತಿತ್ತು. ಆಗಾಗ ಒಂದು ಮೇಲೆ ಬಂದು, ನಮಗೆ ಕಾಣದ ಏನನ್ನೋ ಮುತ್ತಿಟ್ಟ ಹಾಗೆ ಎತ್ತಿಕೊಂಡು ಹೋಗುತ್ತಿತ್ತು. ನೀರಿನ ಮೇಲೆ ಬಳೆಯಷ್ಟು ಒಂದು ಸುತ್ತು ಉಳಿಯುತ್ತಿತ್ತು.

ಆ ಸಂತೋಷದಲ್ಲಿ ನಾನು ಮಾಡಿದ್ದೇನು ಗೊತ್ತೇ? ಕಾರಿನಲ್ಲಿ ತಿನ್ನಲು ತಂದಿದ್ದ ಕಡಲೆಪುರಿಯ ಚೀಲ ಕೈಯಲ್ಲಿತ್ತು. ಚಿಕ್ಕವಳಾಗಿದ್ದಾಗ ಶೃಂಗೇರಿಯಲ್ಲಿ ಮೆಟ್ಟಿಲ ಮೇಲೆ ನಿಂತು ಮೀನಿಗೆ ಹಾಕುತ್ತಿದ್ದೆ, ಒಂದರ ಮೇಲೊಂದು ಬಿದ್ದು ಬರುತ್ತಿದ್ದವು, ಹಾಗೆಯೇ ಬರುತ್ತವೆಂದು ಒಂದು ಹಿಡಿ ತೆಗೆದು ಎರಚಿಬಿಟ್ಟೆ.

ಹಳ್ಳ ಖಾಲಿ. ಒಂದು ಮೀನಿಲ್ಲ. ಬಿಳಿಯ ಪುರಿ ಮಾತ್ರ ಮೆಲ್ಲಗೆ ತೇಲಿಕೊಂಡು ಹೋಯಿತು. ನಾಕಾನೋ ಅವರು ಬೈಯಲಿಲ್ಲ. “ಇಲ್ಲಿಯ ಮೀನಿಗೆ ಮೇಲಿನಿಂದ ಏನು ಬಿದ್ದರೂ ಅದು ಕೊಕ್ಕರೆ” ಅಂದರು. ಆಮೇಲೆ ಕಲ್ಲಿನ ಮೇಲೆ ಕೂತುಬಿಟ್ಟರು. ವಾಚು ನೋಡಿದೆ, ಒಂದು ಗಂಟೆ ಹತ್ತು ನಿಮಿಷ. ಕೊನೆಗೆ ಒಂದು ಮೀನು, ಒಂದೇ, ಬೇರಿನ ಕೆಳಗಿನಿಂದ ಬಂದು ತನ್ನ ಜಾಗದಲ್ಲಿ ನಿಂತಿತು. ಅಷ್ಟು ಚಿಕ್ಕ ಜೀವಕ್ಕೆ ಅಷ್ಟು ಎಚ್ಚರ. ದೇವರ ಮನೆಯಲ್ಲೂ ನನಗೆ ಅಷ್ಟು ಭಕ್ತಿ ಬಂದಿರಲಿಲ್ಲ ಎಂದರೆ ನಮ್ಮವರು ನಗುತ್ತಾರೆ, ನೀನು ನಗುವುದಿಲ್ಲವೆಂದು ಬರೆಯುತ್ತಿದ್ದೇನೆ.

ನೀನು ಹಾಸ್ಟೆಲಿನ ಮಾತು ಬೇಡವೆಂದೆ. ನಾನು ಹೇಡಿ, ಆ ಮಾತು ನನಗೆ ಅನುಕೂಲವೇ ಆಯಿತು. ಆದರೆ ಹೇಳಬೇಕಾದದ್ದು ಹಾಗೇ ಉಳಿದಿದೆ.

ನಿನ್ನ,
ಮೈಥಿಲಿ


ತಿ. ನರಸೀಪುರ
೨೮-೫-೧೯೮೪

ಮೈಥಿಲಿ,

ಪುರಿ ಎರಚಿದಳಂತೆ ಪುಣ್ಯಾತ್ಗಿತ್ತಿ! ಶೃಂಗೇರಿಯ ಮೀನುಗಳು ಮಠದ ಊಟ ಉಂಡು ಬೆಳೆದವು ಕಣೇ. ಅವು ಮೀನಲ್ಲ, ಅಳಿಯಂದಿರು. ಹೊಳೆಯ ಮೀನಿಗೆ ಮನುಷ್ಯ ಅಂದರೆ ಏನು ಅಂತ ಚೆನ್ನಾಗಿ ಗೊತ್ತು.

ಹೇಳುತ್ತೇನೆ ಕೇಳು. ಮೀನು ಯಾವಾಗಲೂ ನೀರು ಬರುವ ಕಡೆಗೆ ಮುಖ ಮಾಡಿ ನಿಂತಿರುತ್ತದೆ, ಊಟ ಬರುವುದು ಆ ಕಡೆಯಿಂದಲ್ಲವೇ. ಆದ್ದರಿಂದ ನೀನು ಕೆಳಗಿನಿಂದ ಮೇಲಕ್ಕೆ ಹೋಗು, ಅದರ ಬೆನ್ನ ಹಿಂದೆ. ನಿನ್ನ ನೆರಳು ನಿನಗಿಂತ ಮುಂದೆ ಹೋಗಬಾರದು. ಕಾಲನ್ನು ನೀರಿನಿಂದ ಎತ್ತಿ ಇಡಬೇಡ, ಜಾರಿಸು. ಇದು ನಿಮ್ಮ ಜಪಾನಿ ಮೇಷ್ಟರಿಗೂ ಗೊತ್ತಿರುತ್ತದೆ. ಆದರೂ ಬೆಸ್ತರ ಮಗಳ ಬಾಯಿಂದ ಕೇಳಿಕೋ.

ಒಂದು ಜಗಳವಿದೆ. ತಿನ್ನದೆ ಇರುವ ಮೀನನ್ನು ಯಾಕೆ ಹಿಡಿಯಬೇಕು? ಅಪ್ಪ ಒಂದು ಮೀನನ್ನೂ ಆಟಕ್ಕೆ ಹಿಡಿಯಲಿಲ್ಲ. ಮಕ್ಕಳ ಹೊಟ್ಟೆಗೆ ಹಿಡಿದ, ಹಿಡಿಯುವ ಮುಂಚೆ ಹೊಳೆಗೆ ಕೈ ಮುಗಿದ. ನಿಮ್ಮದು ದಯೆಯೋ ಚಪಲವೋ, ಯೋಚಿಸು.

ಮೀನು ಮುಟ್ಟಿದ ಮೇಲೆ ಕೈಯ ನೀಚು ಸೋಪಿಗೆ ಹೋಗುವುದಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕು. ನೀಚು ಅಂದರೆ ಹಸಿಮೀನಿನ ವಾಸನೆ, ಮರೆತಿಲ್ಲ ತಾನೇ? ನಮ್ಮ ಮನೆಗೆ ಬಂದಿದ್ದಾಗ ನಾನೇ ಹೇಳಿಕೊಟ್ಟ ಮಾತು. ‘ಎಷ್ಟು ಚೆನ್ನಾಗಿದೆ ಈ ಪದ, ನಮ್ಮಲ್ಲಿ ಇದಕ್ಕೆ ಮಾತೇ ಇಲ್ಲ’ ಅಂತ ನೀನು ಅವ್ವನ ಎದುರೇ ಅಂದಿದ್ದೆ. ಅವ್ವ ಎಷ್ಟು ದಿನ ಹೇಳಿಕೊಂಡು ತಿರುಗಿದಳು!

ಹಾಸ್ಟೆಲಿನ ಮಾತು ಬೇಡ ಅಂದವಳು ನಾನೇ, ಎತ್ತುವವಳೂ ನಾನೇ. ಅರವತ್ತೇಳರಲ್ಲಿ ಶರಣವ್ವ ಮದುವೆಯ ಕರೆಯೋಲೆ ಕಳಿಸಿದ್ದಳು. ಹರಿದು ಒಲೆಗೆ ಹಾಕಿದೆ. ಹಳೆಯ ಹುಡುಗಿಯರು ಯಾರು ಸಿಕ್ಕಿದರೂ ಅವಳು ಮಾಡಿದ್ದನ್ನು ಹೇಳದೆ ಬಿಟ್ಟಿಲ್ಲ. ಈಗಲೂ ಅವಳನ್ನು ಯಾರೂ ಯಾವ ಸಭೆಗೂ ಕರೆಯುವುದಿಲ್ಲ.

ಈಚೆಗೆ ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ನಾನು ಸ್ಕೂಲಿನ ಗೇಟಿನ ಹತ್ತಿರ ಇರುತ್ತೇನೆ.

ಸಣ್ಣಿ


ಸ್ಯಾನ್ ರಮೋನ್
೧ ಜುಲೈ ೧೯೮೪

ಸಣ್ಣಿ,

ಈ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಓದಬೇಡ. ಮನೆಗೆ ತೆಗೆದುಕೊಂಡು ಹೋಗು.

ನಿನ್ನೆ ನಾಕಾನೋ ಅವರು ಮೂರು ಗಂಟೆ ದೂರ, ಸಿಯೆರಾ ಬೆಟ್ಟಗಳ ಕಡೆಗೆ ಕರೆದುಕೊಂಡು ಹೋದರು. ಹಿಮ ಕರಗಿದ ನೀರಿನ ಸಣ್ಣ ತೊರೆ. ಕಾಲಿಟ್ಟರೆ ಮೂಳೆಯವರೆಗೆ ಚಳಿ. ನಾನು ಬೂದಿ ಬಣ್ಣದ ಅಂಗಿ ಹಾಕಿಕೊಂಡಿದ್ದೆ, ಬಳೆ ತೆಗೆದಿಟ್ಟಿದ್ದೆ. ಗಾಳಕ್ಕೆ ಕಟ್ಟಿದ್ದು ನಾನೇ ನೂಲು ಮತ್ತು ಕೋಳಿಗರಿಯಿಂದ ಮಾಡಿದ ಹುಳ. ನೀನು ಹೇಳಿದಂತೆ ಕೆಳಗಿನಿಂದ ಮೇಲಕ್ಕೆ, ಕಾಲು ಜಾರಿಸುತ್ತಾ ಹೋದೆ. ನಾಕಾನೋ ಅವರು “ಇದನ್ನು ಯಾರು ಕಲಿಸಿದರು?” ಎಂದು ಕೇಳಿದರು. “ನನ್ನ ಗೆಳತಿ” ಅಂದೆ.

ಆರು ಜಾಗ ನೋಡಿದೆವು, ಆರರಲ್ಲೂ ಮೀನು ನನಗಿಂತ ಮೊದಲೇ ಓಡಿತು. ಆಗ ಅವರು ನನ್ನ ಕೈ ತೆಗೆದುಕೊಂಡು ಮೂಸಿದರು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಿದ್ದೆ. ದಡದ ಕೆಸರು ತೆಗೆದು ನನ್ನ ಎರಡೂ ಕೈಗೆ, ಮೊಣಕೈವರೆಗೆ, ತಿಕ್ಕಿದರು. ಹುರಿಗೂ ಹುಳಕ್ಕೂ ತಿಕ್ಕಿಸಿದರು. “ಎಣ್ಣೆ ಮಾತ್ರ ಅಲ್ಲ” ಅಂದರು. “ಮನುಷ್ಯನ ಚರ್ಮವೇ ಮೀನಿಗೆ ನಾರುತ್ತದೆ. ಒಂದು ಬೆರಳು ಅದ್ದಿದರೆ ಸಾಕು, ಕೆಳಗಿನ ಮೀನಿಗೆಲ್ಲ ಗೊತ್ತಾಗುತ್ತದೆ.”

ಕೆಸರಿನ ಕೈ ಮುಂದೆ ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ.

ಏಳನೆಯ ಜಾಗದಲ್ಲಿ ಮೀನು ಹುಳ ತೆಗೆದುಕೊಂಡಿತು. ಕೋಲಿನಲ್ಲಿ ಒಂದು ಜೀವ ಮಿಡಿಯಿತು. ಒದ್ದೆ ಕೈಯಲ್ಲಿ ಹಿಡಿದೆ. ಬೆನ್ನಿನ ತುಂಬ ಕರಿ ಚುಕ್ಕೆ, ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಓಕುಳಿಯ ಒಂದು ಗೆರೆ. ರೆಪ್ಪೆಯಿಲ್ಲದ ಕಣ್ಣು ನನ್ನನ್ನು ನೋಡಿತು. ಇಷ್ಟು ಚೆಲುವಾದದ್ದು ಯಾರೂ ನೋಡದ ನೀರಿನ ಅಡಿ ಸಾವಿರಾರು ವರ್ಷದಿಂದ ಇದೆ, ನಮ್ಮಿಂದ ತಪ್ಪಿಸಿಕೊಳ್ಳುವುದೊಂದನ್ನೇ ಕೇಳುತ್ತಿದೆ. ನೀರಿಗಿಳಿಸಿ ಕೈ ಸಡಿಲಿಸಿದೆ. ಹೋಯಿತು. ದಡದಲ್ಲಿ ಕೂತು ಅತ್ತೆ.

ಸಣ್ಣಿ, ಆ ಅರ್ಜಿ ಬರೆದವಳು ನಾನು. ಶರಣವ್ವ ಅಲ್ಲ.

ಹಿಂದಿನ ಭಾನುವಾರ ಸೋದರತ್ತೆ ರೂಮಿಗೆ ಬಂದಿದ್ದರು. ಮೂಗಿಗೆ ಸೆರಗು ಹಿಡಿದು, “ಇಂಥ ಕಡೆ ಇದ್ದೀಯಾ? ನಿಮ್ಮಪ್ಪನಿಗೆ ಹೇಳಿ ಕಾಲೇಜು ಬಿಡಿಸ್ತೀನಿ” ಎಂದರು. ಹೆದರಿದೆ. ಡಬ್ಬ ರೂಮಿನಿಂದ ಹೋದರೆ ಸಾಕು, ನೀನು ಹೋಗುವುದು ಬೇಡ ಎಂದುಕೊಂಡು ಬರೆದೆ. ಬರೆದದ್ದು ‘ನೀಚು ವಾಸನೆ’ ಎಂದು. ಚಕಾರಕ್ಕೆ ಕೊಂಬು ಹಾಕಿದ್ದೆ. ಮೇಟ್ರನ್‌ಗೆ ಆ ಪದ ಗೊತ್ತಿರಲಿಲ್ಲ, ಕೊಂಬು ಬಿಟ್ಟು ‘ನೀಚ’ ಎಂದು ಓದಿದಳು. ನಾನು ನಿನ್ನನ್ನು ನೀಚಳೆನ್ನಲಿಲ್ಲ ಎಂದು ಇಪ್ಪತ್ತೆರಡು ವರ್ಷ ಆ ಒಂದು ಕೊಂಬನ್ನು ಹಿಡಿದುಕೊಂಡು ಬದುಕಿದ್ದೇನೆ. ಆದರೆ ಎದ್ದು ನಿಂತು ‘ಅದು ನೀಚ ಅಲ್ಲ, ನೀಚು’ ಎನ್ನಲಿಲ್ಲ. ಅಂದಿದ್ದರೆ ಬರೆದವಳು ಯಾರೆಂದು ಗೊತ್ತಾಗುತ್ತಿತ್ತು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಮಾರನೆಯ ದಿನ ನಿನ್ನ ಟ್ರಂಕು ಹಿಡಿದೆ. ಅದನ್ನು ನೀನು ನೆನಪಿಟ್ಟಿರುವುದನ್ನು ಓದಿದ ದಿನದಿಂದ ನನಗೆ ಊಟ ಸೇರಿಲ್ಲ.

ಕ್ಷಮಿಸು.

ಮೈಥಿಲಿ


ಸ್ಯಾನ್ ರಮೋನ್
೯ ಸೆಪ್ಟೆಂಬರ್ ೧೯೮೪

ಸಣ್ಣಿ,

ಉತ್ತರವಿಲ್ಲ. ಬರಬೇಕೆಂದು ಕೇಳುವ ಮುಖವೂ ನನಗಿಲ್ಲ. ನೀನು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯುತ್ತಿದ್ದೇನೆ, ದಯೆಯೋ ಚಪಲವೋ ಎಂದಿದ್ದೆಯಲ್ಲ.

ಎಂಟು ದಿನದ ಹಿಂದೆ ಒಂದು ಮೀನು ಗಾಳವನ್ನು ಆಳಕ್ಕೆ ನುಂಗಿತು. ಬಿಡಿಸಿ ನೀರಿಗೆ ಬಿಟ್ಟೆ, ಮಗ್ಗುಲಾಗಿ ತೇಲಿತು. ನೆಟ್ಟಗೆ ಹಿಡಿದುಕೊಂಡು ಬಹಳ ಹೊತ್ತು ನೀರಿನಲ್ಲಿ ನಿಂತೆ, ಕಾಲಿನ ಅರಿವು ಹೋಯಿತು. ಅದು ಸತ್ತಿತು. ಬಿಡುತ್ತೇವೆ ಎಂದು ಹೇಳಿಕೊಂಡ ಮಾತ್ರಕ್ಕೆ ನೋವಾಗುವುದಿಲ್ಲವೆಂದಲ್ಲ. ನೀನು ಹೇಳಿದ್ದು ಸರಿ. ನಾಕಾನೋ ಅವರು ಅದನ್ನು ಎಲೆಯಲ್ಲಿ ಸುತ್ತಿ, ತಲೆಬಾಗಿ, ಮನೆಗೆ ಒಯ್ದು ಬೇಯಿಸಿ ತಿಂದರು. ಪೂರ್ತಿ ತಿಂದೆ ಎಂದು ಫೋನ್ ಮಾಡಿ ಹೇಳಿದರು.

ಮಾರನೆಯ ದಿನ ಗಣೇಶನ ಹಬ್ಬದ ಊಟಕ್ಕೆ ಇಲ್ಲಿನ ಕನ್ನಡದವರೆಲ್ಲ ಸೇರಿದ್ದೆವು. “ನಿನ್ನೆ ಎಲ್ಲಿ ಹೋಗಿದ್ರಿ ಮೈಥಿಲಿ? ಎಷ್ಟು ಫೋನ್ ಮಾಡಿದ್ವಿ” ಎಂದು ಒಬ್ಬರು ಕೇಳಿದರು. ಗ್ರೋಸರಿಗೆ ಎನ್ನಬಹುದಿತ್ತು. “ಮೀನು ಹಿಡಿಯೋಕೆ ಹೋಗಿದ್ದೆ. ಒಂದು ಸತ್ತುಹೋಯ್ತು” ಅಂದೆ. ಬಡಿಸುತ್ತಿದ್ದಾಕೆ ಕೋಸಂಬರಿಯ ಪಾತ್ರೆಯನ್ನು ನನ್ನ ಕೈಗೆಟುಕದ ಕಡೆಗೆ ಮೆಲ್ಲಗೆ ಸರಿಸಿದರು. ಒಂದೇ ಒಂದು ಗೇಣು. ಇಷ್ಟಕ್ಕೇ ನನ್ನ ಕಿವಿ ಬಿಸಿಯಾಯಿತು. ನಿನಗೆ ನೂರು ಜನರ ನಗು.

ಇನ್ನು ನೀನಾಗಿ ಬರೆಯುವವರೆಗೆ ಬರೆದು ತೊಂದರೆ ಕೊಡುವುದಿಲ್ಲ.

ಮೈಥಿಲಿ


ತಿ. ನರಸೀಪುರ
೨೦-೧-೧೯೮೫

ಮೈಥಿಲಿ,

ನಿನ್ನ ಜುಲೈ ಕಾಗದ ಓದಿ ಮೂರು ದಿನ ಸ್ಕೂಲಿನಲ್ಲಿ ಯಾರ ಮೇಲೂ ರೇಗಲಿಲ್ಲ. ಮಕ್ಕಳು ಹೆದರಿಬಿಟ್ಟರು.

ಮೊದಲು ಕೊಂಬಿನ ವಿಷಯ. ಕೊಂಬು ಇತ್ತು ಅಂದರೆ ನನಗೆ ಸಮಾಧಾನವಾಗುತ್ತದೆ ಅಂದುಕೊಂಡೆಯಾ? ನೀಚ ಅನ್ನುವುದು ಊರವರ ಮಾತು, ಹುಟ್ಟಿದಾಗಿನಿಂದ ಕೇಳಿದ್ದೇನೆ. ನೀಚು ನಮ್ಮ ಮನೆಯ ಮಾತು. ಅವ್ವ ಒಲೆ ಮುಂದೆ ಕೂತು ಆಡುವ ಮಾತು. ನಮ್ಮ ಮನೆಯಲ್ಲಿ ಕೂರಿಸಿ ನಾನು ಪ್ರೀತಿಯಿಂದ ಕೊಟ್ಟದ್ದನ್ನು ನೀನು ಅರ್ಜಿಯಲ್ಲಿ ಬರೆದು ಮೇಟ್ರನ್‌ಗೆ ಕೊಟ್ಟೆ. ಮೇಟ್ರನ್ ತಪ್ಪು ಓದಿದ್ದೇ ಒಳ್ಳೆಯದಾಯಿತು. ಸರಿಯಾಗಿ ಓದಿದ್ದರೆ ಅವತ್ತೇ ನನ್ನ ಎದೆ ಒಡೆಯುತ್ತಿತ್ತು.

ಈಗ ನನ್ನ ತಪ್ಪು. ಸಂಕ್ರಾಂತಿ ರಜೆಗೆ ಧಾರವಾಡಕ್ಕೆ ಹೋಗಿದ್ದೆ. ಶರಣವ್ವ ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಬಾಗಿಲು ತೆಗೆದವಳು ಒಂದು ಗಳಿಗೆ ನೋಡಿ, “ನೀ ಸಣ್ಣತಾಯಿ ಹೌದಲ್ಲೊ? ಒಳಗ ಬಾ” ಅಂದಳು. ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಕಾಲು ಮುಟ್ಟಲು ಬಗ್ಗಿದರೆ ರಟ್ಟೆ ಹಿಡಿದು ಎತ್ತಿದಳು.

“ನಾನೂ ಒಂದು ಅರ್ಜಿ ಬರದಿದ್ದೆ” ಅಂದಳು. “ಮರುದಿನ ಕೊಡಾಕಂತ ಪುಸ್ತಕದಾಗ ಇಟ್ಟಿದ್ದೆ. ಯಾರೋ ನನಗಿಂತ ಮೊದಲ ಕೊಟ್ರು. ನಾ ಕೊಟ್ಟಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ. ಕೊಡಾಕ ಹೊಂಟಾಕಿ ಅಲ್ಲೇನು ನಾ.”

ಇಬ್ಬರೂ ನಕ್ಕೆವು, ಆಮೇಲೆ ಅತ್ತೆವು, ಆಮೇಲೆ ರೊಟ್ಟಿ ತಿಂದೆವು. ಆದರೂ ಮೈಥಿಲಿ, ಮನಸ್ಸಿನಲ್ಲಿ ಮಾಡಿದ್ದಕ್ಕೂ ಕೈಯಲ್ಲಿ ಮಾಡಿದ್ದಕ್ಕೂ ವ್ಯತ್ಯಾಸವಿದೆ. ಊರ ತುಂಬ ಅವಳ ಹೆಸರು ಕೆಡಿಸಿದವಳು ನಾನು, ಸರಿ ಮಾಡಬೇಕಾದವಳೂ ನಾನು.

ಏಪ್ರಿಲ್ ಇಪ್ಪತ್ತೇಳು, ಶನಿವಾರ, ಹಾಸ್ಟೆಲಿನ ಹಳೆಯ ಹುಡುಗಿಯರ ಸಭೆ. ಶರಣವ್ವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಅವಳಲ್ಲ ಅಂತ ಎದ್ದು ನಿಂತು ಹೇಳುತ್ತೇನೆ. ಹಾಗೆ ಹೇಳಿದ ತಕ್ಷಣ ಎಲ್ಲರೂ ಕೇಳುತ್ತಾರೆ, ಮತ್ತೆ ಯಾರು ಅಂತ. ಒಂದು ಹೆಸರು ತೆಗೆದರೆ ಆ ಜಾಗಕ್ಕೆ ಇನ್ನೊಂದು ಹೆಸರು ಬೇಕು. ನಿನ್ನ ಅಣ್ಣ, ಅತ್ತಿಗೆ, ನೆಂಟರು ಎಲ್ಲ ಮೈಸೂರಿನಲ್ಲೇ ಇದ್ದಾರೆ, ಅವರ ಕಿವಿಗೆ ಬೀಳದೆ ಇರದು. ಒಪ್ಪಿಗೆ ಕೇಳುತ್ತಿಲ್ಲ. ಮೊದಲೇ ತಿಳಿಸುತ್ತಿದ್ದೇನೆ, ಅಷ್ಟೇ. ನನಗೆ ತಿಳಿಸಿದವರು ಯಾರೂ ಇರಲಿಲ್ಲ.

ಸಾಯುತ್ತಿದ್ದ ಮೀನನ್ನು ನೀರಿನಲ್ಲಿ ಹಿಡಿದುಕೊಂಡು ನಿಂತೆ ಅಂತ ಬರೆದಿದ್ದೆಯಲ್ಲ, ಅದನ್ನು ನಂಬಿದೆ.

ಸಣ್ಣತಾಯಮ್ಮ


ಸ್ಯಾನ್ ರಮೋನ್
೧೦ ಫೆಬ್ರವರಿ ೧೯೮೫

ಸಣ್ಣಿ,

ನೀನು ಹೇಳಬೇಡ. ನಾನೇ ಬಂದು ಹೇಳುತ್ತೇನೆ. ಟಿಕೆಟ್ ತೆಗೆಸಿದ್ದೇನೆ, ಇಪ್ಪತ್ತೈದಕ್ಕೆ ಬೆಂಗಳೂರಿನಲ್ಲಿ ಇಳಿಯುತ್ತೇನೆ.

ಇಲ್ಲಿ ಟ್ರೌಟ್ ಹಿಡಿಯುವ ಕಾಲ ಶುರುವಾಗುವುದೂ ಸರಿಯಾಗಿ ಅದೇ ಶನಿವಾರ. ಈ ವರ್ಷ ಬರುವುದಿಲ್ಲವೆಂದು ನಾಕಾನೋ ಅವರಿಗೆ ಹೇಳಿದೆ. ಕಾರಣ ಕೇಳಿದರು, ಎಲ್ಲ ಹೇಳಿದೆ. ಬಹಳ ಹೊತ್ತು ಗರಿ ಕತ್ತರಿಸುತ್ತಾ ಕೂತರು. ಜಪಾನಿನ ಜೊತೆಗಿನ ಯುದ್ಧದ ಕಾಲದಲ್ಲಿ ಅವರ ಮನೆಯವರನ್ನೆಲ್ಲ ಇಲ್ಲಿಯ ಸರ್ಕಾರ ಎತ್ತಿಕೊಂಡು ಹೋಗಿ ಮರುಭೂಮಿಯ ಶಿಬಿರದಲ್ಲಿ ಇಟ್ಟಿತ್ತಂತೆ. ಪಕ್ಕದ ಮನೆಯವನೊಬ್ಬ ಅವರ ತಂದೆಯ ಮೇಲೆ ದೂರು ಬರೆದಿದ್ದನಂತೆ. “ಅವನು ಬಂದು ನಾನೇ ಬರೆದದ್ದು ಎಂದು ಹೇಳುತ್ತಾನೆಂದು ಅಪ್ಪ ಸಾಯುವವರೆಗೂ ಕಾದರು” ಅಂದರು.

ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿ ಇಳಿಯುತ್ತೇನೆ. ಸಭೆಗೆ ಮುಂಚೆ ಅವರೆಲ್ಲರಿಗೂ ನಾನೇ ತಿಳಿಸಿರುತ್ತೇನೆ. ನರಸೀಪುರಕ್ಕೆ ನೀನು ಕರೆದರೆ ಮಾತ್ರ ಬರುವೆ. ಭಯವಾಗುತ್ತಿದೆ ಸಣ್ಣಿ.

ಮೈಥಿಲಿ


ತಿ. ನರಸೀಪುರ
೪-೩-೧೯೮೫

ಮೈಥಿಲಿ,

ಬಾ. ಸಭೆ ಹತ್ತೂವರೆಗೆ, ಅದೇ ಊಟದ ಹಾಲಿನಲ್ಲಿ. ಶರಣವ್ವನ ವಿಷಯ ಮುಗಿದ ಮೇಲೆ ನಿನ್ನ ಹೆಸರು ಕರೆಯಲು ಹೇಳಿದ್ದೇನೆ.

ಮನೆಗೆ ಕರೆಯುವುದು ಬಿಡುವುದು ನೀನು ಹೇಳುವುದನ್ನು ಕೇಳಿದ ಮೇಲೆ. ಈಗಲೇ ಮಾತು ಕೊಡಲಾರೆ, ಕೊಟ್ಟರೆ ಸುಳ್ಳಾಗುತ್ತದೆ. ಮೊದಲ ಸಾಲಿನಲ್ಲಿ ಕೂತಿರುತ್ತೇನೆ. ನೆಲ ನೋಡಿಕೊಂಡು ಹೇಳಬೇಡ. ನನ್ನನ್ನು ನೋಡಿ ಹೇಳು.

ಸಣ್ಣಿ